ಸೊಂಟವಿರುವ ಲಾರಿ

ಮೊದಲು ಬಂದದ್ದು ಟೈರ್. ನಾಲ್ಕು ಟೈರ್, ರಿಮ್ ಸಮೇತ, ಒಂದೊಂದೂ 15 ಸೆಂ.ಮೀ. ಎತ್ತರ. ಮಾನ್‌ಸ್ಟರ್ ಟ್ರಕ್ ಅಂತ ಮಾರುತ್ತಾರಲ್ಲ, ಆ ದೊಡ್ಡ ರೇಡಿಯೋ ಕಾರುಗಳದ್ದು. ಪಾರ್ಸೆಲ್ ಬಿಚ್ಚಿ ಊಟದ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದೆ. ಹೆಂಡತಿ ಒಮ್ಮೆ ಟೈರ್ ನೋಡಿದಳು, ಒಮ್ಮೆ ನನ್ನ ಮುಖ ನೋಡಿದಳು.

"ಗಾಡಿ ಎಲ್ಲಿ?"

"ಕಟ್ಟಬೇಕು."

"ಅಂದ್ರೆ ಟೈರಿಗೆ ತಕ್ಕ ಗಾಡಿಯಾ?"

ಅವಳು ಕೇಳಿದ್ದು ತಮಾಷೆಗೆ. ಆದರೆ ವಿಷಯ ನಿಜಕ್ಕೂ ಹಾಗೆಯೇ. ಮಾಡೆಲ್ ಕಟ್ಟುವಾಗ ಬೇರೆ ಎಲ್ಲವನ್ನೂ ಹೇಗೋ ಕೈಯಲ್ಲಿ ಮಾಡಿಕೊಳ್ಳಬಹುದು, ಟೈರ್ ಮಾತ್ರ ಆಗುವುದಿಲ್ಲ. ಸಿಕ್ಕಿದ ಟೈರೇ ಸ್ಕೇಲ್ ತೀರ್ಮಾನ ಮಾಡುತ್ತದೆ. ನಾನು ಕಟ್ಟಬೇಕು ಅಂದುಕೊಂಡ ಲಾರಿಯ ಟೈರ್ ಆಳೆತ್ತರ ಇರುತ್ತದೆ. ಅದನ್ನು 15 ಸೆಂ.ಮೀ.ಗೆ ಇಳಿಸಿದರೆ ಹನ್ನೆರಡರಲ್ಲಿ ಒಂದು ಪಾಲು. ಹಾಗಾಗಿ 1:12.

ಲಾರಿಯ ಹೆಸರು ಎಂ520 ಗೋಯರ್. ಅಮೆರಿಕದ ಸೈನ್ಯಕ್ಕೆ ಕ್ಯಾಟರ್‌ಪಿಲ್ಲರ್ ಕಂಪನಿ ಮಾಡಿಕೊಟ್ಟದ್ದು, 8 ಟನ್ ದರ್ಜೆಯದು. 1966ರಲ್ಲಿ ಪರೀಕ್ಷೆಗೆ ಅಂತ ಕೆಲವನ್ನು ವಿಯೆಟ್ನಾಂಗೆ ಕಳಿಸಿದರು. ಕೆಸರಿನಲ್ಲಿ ಬೇರೆ ಲಾರಿಗಳು ಹೂತು ಕೂತ ಕಡೆ ಇದು ಹೋಗುತ್ತಿತ್ತು. ಆಮೇಲೆ 1972ರಿಂದ 1976ರವರೆಗೆ ಸುಮಾರು 1,300 ಗಾಡಿ ತಯಾರಾದವು. ಸಾಮಾನು ಹೊರುವುದು ಎಂ520, ಎಣ್ಣೆ ಟ್ಯಾಂಕರ್ ಎಂ559, ಕೆಟ್ಟ ಗಾಡಿ ಎಳೆಯುವುದು ಎಂ553. 80ರ ದಶಕದಲ್ಲಿ ಆಶ್‌ಕಾಶ್ ಕಂಪನಿಯ ಎಂಟು ಚಕ್ರದ ಹೆಮ್ಟ್ ಲಾರಿಗಳು ಬಂದು ಇವುಗಳ ಜಾಗ ಹಿಡಿದವು.

ಇದರ ಮೈಕಟ್ಟೇ ಬೇರೆ. ಮಣ್ಣು ಹೊರುವ ಯಂತ್ರದ ವಂಶ. ಪಾಟಾ ಇಲ್ಲ, ಸ್ಪ್ರಿಂಗ್ ಇಲ್ಲ, ಆಕ್ಸಲ್ ನೇರವಾಗಿ ಮೈಗೇ ಬಿಗಿದಿರುತ್ತದೆ. ಕುಲುಕಾಟವನ್ನೆಲ್ಲ ಟೈರೇ ತಿನ್ನಬೇಕು. ಸ್ಟೀರಿಂಗ್ ತಿರುಗಿಸಿದರೆ ಚಕ್ರ ತಿರುಗುವುದಿಲ್ಲ, ಇಡೀ ಲಾರಿಯೇ ನಡುವಿನಲ್ಲಿ ಬಗ್ಗುತ್ತದೆ. ಹಿಂಬದಿ ಎಡಕ್ಕೆ ವಾಲಿದರೂ ಮುಂಬದಿ ನೆಟ್ಟಗೇ ಇರುತ್ತದೆ, ಯಾಕೆಂದರೆ ಆ ಸೊಂಟ ತಿರುಚಿಕೊಳ್ಳುತ್ತದೆ ಕೂಡ. ಇದೆಲ್ಲದರ ಮೇಲೆ, ನೀರಿಗೆ ಇಳಿಸಿದರೆ ತೇಲುತ್ತದೆ. ಪ್ರೊಪೆಲ್ಲರ್ ಇಲ್ಲ, ಚಕ್ರ ತಿರುಗಿಸಿಯೇ ಮುಂದೆ ಹೋಗುವುದು.

ತೇಲುವ ಲಾರಿ ಅಂದ ಮೇಲೆ ನನ್ನಂಥವನು ಬಿಡುವುದುಂಟಾ? ಕಾರವಾರದ ಬೈತಖೋಲ ಬಂದರಿನ ಹತ್ತಿರ ಫೈಬರ್ ಬೋಟ್ ರಿಪೇರಿ ನನ್ನ ಕೆಲಸ. ಲಾರಿ ಕಟ್ಟುವುದು ಗೊತ್ತಿಲ್ಲದಿದ್ದರೂ ನೀರು ಒಳಗೆ ಬರದ ಹಾಗೆ ಡಬ್ಬ ಕಟ್ಟುವುದು ಗೊತ್ತು. ಸೊಂಟ ಬಗ್ಗುವ ಗಾಡಿಯ ಹುಚ್ಚು ಮಾತ್ರ ಅದಕ್ಕೂ ಹಳೆಯದು. ಬೇಲೆಕೇರಿ, ಕಾರವಾರ ಬಂದರುಗಳಲ್ಲಿ ಕಬ್ಬಿಣದ ಅದಿರಿನ ಗುಡ್ಡಗಳು ಬಿದ್ದಿರುತ್ತಿದ್ದ ಕಾಲದಲ್ಲಿ ವೀಲ್ ಲೋಡರ್‌ಗಳು ಅದೇ ಥರ ನಡು ಬಳುಕಿಸಿ ತಿರುಗುತ್ತಿದ್ದವು. ಬೇಲಿ ಹಿಡಿದು ಗಂಟೆಗಟ್ಟಲೆ ನೋಡುತ್ತಿದ್ದೆ. ಮಳೆಗಾಲದಲ್ಲಿ ಲೋಡರ್ ಹೂತರೆ ಡ್ರೈವರ್ ಮಾಡುತ್ತಿದ್ದ ಒಂದು ಕಸರತ್ತು ಈಗಲೂ ಕಣ್ಣಲ್ಲಿದೆ. ಅದನ್ನು ಆಮೇಲೆ ಹೇಳುತ್ತೇನೆ.

ಮೈ

ಮೈಯ ಕೆಲಸ ಬೇಗ ಮುಗಿಯಿತು, ಅದನ್ನು ಬೇಗನೆ ಹೇಳಿಬಿಡುತ್ತೇನೆ. ನಿಜವಾದ ಗಾಡಿ ಹೆಚ್ಚುಕಡಿಮೆ ಒಂಬತ್ತೂವರೆ ಮೀಟರ್ ಉದ್ದ. ನನ್ನದು 79 ಸೆಂ.ಮೀ. ಪ್ಲೈವುಡ್‌ನಲ್ಲಿ ಎರಡು ಅಚ್ಚು ಮಾಡಿ, ಮೇಲೆ ಸನ್‌ಮೈಕಾ ಅಂಟಿಸಿ, ವ್ಯಾಕ್ಸ್ ತಿಕ್ಕಿ, ರೆಸಿನ್‌ನಲ್ಲಿ ನೆನೆಸಿದ ಫೈಬರ್ ಗ್ಲಾಸ್ ಮ್ಯಾಟ್ (ಚದರ ಮೀಟರ್‌ಗೆ 300 ಗ್ರಾಂ ತೂಗುವಂಥದ್ದು) ಎರಡು ಪದರ ಹಾಕಿದೆ. ಶೆಡ್ಡಿನ ಹುಡುಗ "ಅಣ್ಣಾ, ಥರ್ಮಾಕೋಲ್‌ನಲ್ಲಿ ಕೆತ್ತಿದ್ರೆ ಅರ್ಧ ದಿನದ ಕೆಲಸ" ಅಂದ. ಒಂದು ತುಂಡು ಥರ್ಮಾಕೋಲ್ ಮೇಲೆ ನಾಲ್ಕು ಹನಿ ರೆಸಿನ್ ಬಿಟ್ಟು ತೋರಿಸಿದೆ. ಬಿಸಿ ದೋಸೆ ಮೇಲಿನ ಬೆಣ್ಣೆಯ ಹಾಗೆ ಗುಂಡಿ ಬಿತ್ತು. ಮತ್ತೆ ಮಾತಾಡಲಿಲ್ಲ.

ಮನೆಯಲ್ಲಿ ಯಾರಾದರೂ ಈ ಕೆಲಸ ಮಾಡುವವರಿದ್ದರೆ ಒಂದು ಮಾತು. ರೆಸಿನ್ ಗಟ್ಟಿಯಾಗಲಿ ಅಂತ ಹಾಕುವ ಕೋಬಾಲ್ಟ್ ಮತ್ತು ಹಾರ್ಡನರ್ ಎರಡನ್ನೂ ಯಾವತ್ತೂ ನೇರವಾಗಿ ಬೆರೆಸಬೇಡಿ. ಸ್ಫೋಟ ಆಗಬಹುದು. ಮೊದಲು ಕೋಬಾಲ್ಟ್ ರೆಸಿನ್‌ಗೆ ಹಾಕಿ ಚೆನ್ನಾಗಿ ಕಲಸಿ, ಆಮೇಲೆ ಹಾರ್ಡನರ್. ಎರಡಕ್ಕೂ ಬೇರೆ ಬೇರೆ ಅಳತೆ ಕಪ್ ಇಡಿ.

ನಾನು ಕೆಲಸ ಶುರು ಮಾಡಿದ್ದು ಜೂನ್‌ನಲ್ಲಿ. ಜೂನ್ 1ರಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಆಗ ಬೋಟುಗಳೆಲ್ಲ ದಡದಲ್ಲಿ, ನಮಗೆ ಕೈತುಂಬ ಕೆಲಸ. ಹಾಗಾಗಿ ಮಾಡೆಲ್‌ಗೆ ಸಿಕ್ಕಿದ್ದು ರಾತ್ರಿ ಮಾತ್ರ. ಮಳೆಗಾಲದ ರಾತ್ರಿಯಲ್ಲಿ ರೆಸಿನ್ ಒಣಗುವುದು ಅಂದರೆ ಮದುವೆ ಮನೆಯ ಕೊನೆಯ ಪಂಕ್ತಿಗೆ ಕಾದ ಹಾಗೆ. ಎರಡು ದಿನವಾದರೂ ಮೇಲ್ಮೈ ಅಂಟಂಟು. ಕೊನೆಗೆ 100 ವ್ಯಾಟಿನ ಹಳೆಯ ಬಲ್ಬ್ ಉರಿಸಿ, ಮೇಲೆ ಗೋಣಿ ಮುಚ್ಚಿ ಒಣಗಿಸಿದೆ. ಮುಂಬದಿ 480 ಗ್ರಾಂ, ಹಿಂಬದಿ 720 ಗ್ರಾಂ ಬಂತು.

ಆಕ್ಸಲ್ ಎರಡೂ ರೆಡಿಮೇಡ್. ಬಂಡೆ ಹತ್ತುವ ಕ್ರಾಲರ್ ಕಾರುಗಳ ಹಿಂದಿನ ಆಕ್ಸಲ್ ಬಿಡಿಯಾಗಿ ಸಿಗುತ್ತದೆ. ಇಲ್ಲಿ ಚಕ್ರ ತಿರುಗಬೇಕಾದ್ದಿಲ್ಲವಲ್ಲ, ಹಾಗಾಗಿ ಮುಂದೂ ಅದೇ, ಹಿಂದೂ ಅದೇ. ಆಕ್ಸಲ್‌ನ ಹಬ್ 12 ಮಿ.ಮೀ. ಷಡ್ಭುಜ, ಟೈರಿನ ರಿಮ್ 17 ಮಿ.ಮೀ. ನಡುವೆ ಅಡಾಪ್ಟರ್ ಬೇಕಾಯಿತು. ಅದರಿಂದ ಒಟ್ಟು ಅಗಲ ಮೂರು ಸೆಂ.ಮೀ. ಜಾಸ್ತಿಯಾಯಿತು. ಸ್ಕೇಲ್ ಪ್ರಕಾರ ಇದು ತಪ್ಪು, ಗೊತ್ತು. ಅಳತೆಪಟ್ಟಿ ಹಿಡಿದು ಬರುವವರು ದಯವಿಟ್ಟು ಉದ್ದ ಮಾತ್ರ ನೋಡಿ.

ಸೊಂಟ

ಈಗ ಮುಖ್ಯ ಕೆಲಸ. ಈ ಲಾರಿ ಅಂದರೆ ಸೊಂಟ. ಮಿಕ್ಕಿದ್ದೆಲ್ಲ ಎರಡು ಡಬ್ಬ, ನಾಲ್ಕು ಚಕ್ರ.

ಸೊಂಟಕ್ಕೆ ಎರಡು ಚಲನೆ ಬೇಕು. ಒಂದು, ಬಾಗಿಲಿನ ತಿರುಗಣಿಯ ಹಾಗೆ ಎಡಕ್ಕೆ ಬಲಕ್ಕೆ ಬಗ್ಗುವುದು. ಇನ್ನೊಂದು, ಒದ್ದೆ ಬಟ್ಟೆ ಹಿಂಡುವ ಹಾಗೆ ತಿರುಚುವುದು. ಮೂರನೆಯದು, ಅಂದರೆ ನಡು ಮೇಲಕ್ಕೋ ಕೆಳಕ್ಕೋ ಮಡಿಸುವುದು, ಬೇಡವೇ ಬೇಡ. ಅದಕ್ಕೆ ಎಡೆ ಕೊಟ್ಟರೆ ನೀರಿನಲ್ಲಿ ಗಾಡಿ ಪುಸ್ತಕದ ಹಾಗೆ ಮಡಚಿಕೊಳ್ಳುತ್ತದೆ.

ತಿರುಚುವುದಕ್ಕೆ ಅರ್ಧ ಇಂಚಿನ ಜಿಐ ಪೈಪ್ ತಗೊಂಡೆ. ಹೊರಗಿನ ಅಳತೆ 21.3 ಮಿ.ಮೀ. ಶಿರವಾಡದಲ್ಲಿ ಲೇತ್ ಇಟ್ಟಿರುವ ಒಬ್ಬರಿದ್ದಾರೆ, ನಾನು ಮಾಮ ಅನ್ನುತ್ತೇನೆ. ಅವರ ಹತ್ತಿರ 20 ಮಿ.ಮೀ.ಗೆ ಇಳಿಸಿಕೊಂಡೆ, 6004 ಬೇರಿಂಗ್ ಕೂರಲಿ ಅಂತ. ಪೈಪ್ ಆರಿಸಿದ್ದಕ್ಕೆ ಕಾರಣವಿದೆ. ಒಳಗೆ ಟೊಳ್ಳು, ವೈರುಗಳೆಲ್ಲ ಅದರೊಳಗಿನಿಂದಲೇ ಹಿಂದಕ್ಕೆ ಹೋಗುತ್ತವೆ. ಸೊಂಟ ಎಷ್ಟು ತಿರುಚಿದರೂ ವೈರಿಗೆ ಪೆಟ್ಟಿಲ್ಲ.

ಬಗ್ಗುವುದಕ್ಕೆ 10 ಮಿ.ಮೀ. ಸ್ಟೇನ್‌ಲೆಸ್ ಶಾಫ್ಟ್, ನೆಟ್ಟಗೆ ನಿಲ್ಲಿಸಿದ್ದು. ಮೇಲೆ ಕೆಳಗೆ 5 ಮಿ.ಮೀ. ಅಲ್ಯೂಮಿನಿಯಂ ಪಟ್ಟಿ. ಎಡಬಲಕ್ಕೆ 35 ಡಿಗ್ರಿಗೆ ತಡೆ, ತಿರುಚುವುದಕ್ಕೆ 15 ಡಿಗ್ರಿಗೆ ತಡೆ. ನಿಜ ಗಾಡಿ ಇದಕ್ಕಿಂತ ಜಾಸ್ತಿ ಬಗ್ಗುತ್ತದೆ. ನನ್ನ ಟೈರ್ ದಪ್ಪ, ಜಾಸ್ತಿ ಬಗ್ಗಿಸಿದರೆ ಮೈಗೆ ತಾಗುತ್ತದೆ.

ಮಾಮ ಪೈಪನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. "ಬೋಟಿಗೆ ಹಾಕೋದಾ?"

"ಅಲ್ಲ ಮಾಮಾ, ಲಾರಿಗೆ. ಆದ್ರೆ ನೀರಿಗೆ ಇಳಿಸ್ತೇನೆ."

"ನೀರಿಗೆ ಇಳಿಸೋದಾದ್ರೆ ಬೇರಿಂಗ್ ಯಾಕೆ ಹಾಕ್ತಿ ಮಾರಾಯ? ಹದಿನೈದು ದಿನಕ್ಕೆ ತುಕ್ಕು ಹಿಡಿದು ಕರಕರ ಅಂತದೆ. ನೈಲಾನ್ ಬುಷ್ ಹಾಕು."

ಮಾತು ಸರಿ. ಬೋಟಿನಲ್ಲಿ ನಾವು ಮಾಡುವುದೂ ಹಾಗೆಯೇ, ನೀರಿನ ಜಾಗದಲ್ಲಿ ಬೇರಿಂಗ್ ಬದಲು ಬುಷ್, ಅಂದರೆ ಶಾಫ್ಟ್ ಒಳಗೆ ತಿರುಗುವ ಬರೀ ಬಳೆ. ಅವರೇ ನೈಲಾನ್ ರಾಡ್ ಕೊರೆದು ಎರಡು ಬುಷ್ ಮಾಡಿಕೊಟ್ಟರು. ಎಷ್ಟು ನಯವಾಗಿ ಕೂತಿತ್ತೆಂದರೆ, ಪೈಪ್ ತೂರಿಸಿದರೆ ಗಾಳಿ ಪುಸ್ಸೆಂದು ಹೊರಗೆ ಬರುತ್ತಿತ್ತು. ಆ ಬಿಗಿಯೇ ಮುಂದೆ ಕಾಟ ಕೊಟ್ಟಿತು.

ಆಗಿದ್ದೇನೆಂದರೆ, ಬರೀ ಸೊಂಟದ ಜೋಡಣೆಯನ್ನು ಒಂದು ರಾತ್ರಿ ಬಕೆಟ್ ನೀರಿನಲ್ಲಿ ಇಟ್ಟಿದ್ದೆ, ಏನಾಗುತ್ತದೆ ನೋಡೋಣ ಅಂತ. ಬೆಳಿಗ್ಗೆ ಕಲ್ಲು! ಎರಡು ಕೈಯಲ್ಲಿ ಹಿಡಿದರೂ ತಿರುಗಲಿಲ್ಲ. ತುಕ್ಕು ಅಂದುಕೊಂಡೆ, ಒಂದೇ ರಾತ್ರಿಗೆ ಅಷ್ಟು ತುಕ್ಕು ಹಿಡಿಯಲು ಸಾಧ್ಯವಿಲ್ಲ. ಸುತ್ತಿಗೆ ಕೊಟ್ಟು ಬಿಡಿಸಿ ಅಳೆದರೆ ಬುಷ್‌ನ ತೂತು ಕಿರಿದಾಗಿತ್ತು. ನೈಲಾನ್ ನೀರು ಕುಡಿಯುತ್ತದೆ, ಕುಡಿದು ಊದುತ್ತದೆ. ಹೊರಗಡೆ ಅಲ್ಯೂಮಿನಿಯಂ ಗೂಡು ಬಿಗಿಯಾಗಿ ಹಿಡಿದಿದೆ, ಹಾಗಾಗಿ ಊದಿದ್ದೆಲ್ಲ ಒಳಕ್ಕೆ ಬಂತು. ಬೋಟಿನ ದೊಡ್ಡ ಬುಷ್‌ಗಳಿಗೆ ಮೊದಲೇ ಅಷ್ಟು ಸಡಿಲ ಇಟ್ಟಿರುತ್ತೇವೆ. ಇದು ಆಟಿಕೆ ಅಂತ ನಾನೂ ಮರೆತೆ, ಮಾಮನೂ ಮರೆತರು. ತೂತನ್ನು 0.3 ಮಿ.ಮೀ. ಹಿಗ್ಗಿಸಿದ ಮೇಲೆ ಸರಿಯಾಯಿತು. ಒಣಗಿದ್ದಾಗ ಸ್ವಲ್ಪ ಲೊಡಲೊಡ, ನೀರಿನಲ್ಲಿ ನೆನೆದ ಮೇಲೆ ಹದ.

ಬಗ್ಗಿಸುವುದು ಯಾರು?

ನಿಜ ಲಾರಿಯಲ್ಲಿ ಸೊಂಟದ ಎರಡೂ ಕಡೆ ಹೈಡ್ರಾಲಿಕ್ ಸಿಲಿಂಡರ್ ಇರುತ್ತದೆ. ಒಂದು ನೂಕುತ್ತದೆ, ಇನ್ನೊಂದು ಎಳೆಯುತ್ತದೆ. ನಾನು ಅದರ ಬದಲು 20 ಕಿಲೋ ಬಲದ ಸರ್ವೋ ಹಾಕಿದೆ, ಅಂದರೆ ರಿಮೋಟ್ ಹೇಳಿದಷ್ಟೇ ತಿರುಗಿ ನಿಲ್ಲುವ ಪುಟ್ಟ ಮೋಟರ್ ಡಬ್ಬ. ಲೋಹದ ಗೇರು, ಬೆಲೆಯೂ ಪರವಾಗಿಲ್ಲ. ಮನೆಯ ಟೈಲ್ಸ್ ಮೇಲೆ ಗಾಡಿ ಹಾವಿನ ಹಾಗೆ ಹರಿಯಿತು. ಅಂಗಳದಲ್ಲೂ ಓಡಿತು. ಭಾನುವಾರ ಟ್ಯಾಗೋರ್ ಕಡಲತೀರಕ್ಕೆ ಒಯ್ದೆ. ಅಲ್ಲಿ ಚಪಲ್ ಯುದ್ಧನೌಕೆ ನಿಲ್ಲಿಸಿದ್ದಾರಲ್ಲ, ಅದರ ಆಚೆ ಒಣ ಮರಳಿನಲ್ಲಿ ಬಿಟ್ಟೆ. ಹತ್ತು ಅಡಿ ಹೋಯಿತು. ನಿಲ್ಲಿಸಿ, ನಿಂತಲ್ಲೇ ಎಡಕ್ಕೆ ತಿರುಗಿಸಿದೆ. ಕಟಕ್.

ಸರ್ವೋ ಬಿಚ್ಚಿದರೆ ಒಂದು ಗೇರಿನ ನಾಲ್ಕು ಹಲ್ಲು ಪುಡಿ. ಯೋಚಿಸಿದರೆ ತಪ್ಪು ನನ್ನದೇ. ಸಾಧಾರಣ ಕಾರಿನಲ್ಲಿ ಸರ್ವೋ ತಿರುಗಿಸುವುದು ಎರಡು ಚಕ್ರವನ್ನು. ಇಲ್ಲಿ ಅರ್ಧ ಲಾರಿಯನ್ನೇ ಬಗ್ಗಿಸಬೇಕು, ಮರಳಲ್ಲಿ ಹೂತ ಟೈರುಗಳನ್ನು ಅಡ್ಡಕ್ಕೆ ಉಜ್ಜಿಕೊಂಡು. ಅದೂ ನಿಂತಲ್ಲೇ.

ಚಿಕ್ಕ ಹೈಡ್ರಾಲಿಕ್ ಸೆಟ್ ಸಿಗುತ್ತದೆ. ಬೆಲೆ ನೋಡಿ ಪುಟ ಮುಚ್ಚಿದೆ. ಸ್ಕ್ರೂನಿಂದ ಮಾಡೋಣ ಅಂತ ತೀರ್ಮಾನಿಸಿದೆ. 3ಡಿ ಪ್ರಿಂಟರ್‌ಗೆ ಹಾಕುವ ಟಿ8 ಲೀಡ್ ಸ್ಕ್ರೂ, 8 ಮಿ.ಮೀ. ದಪ್ಪ. ಮೋಟರ್ ಅದನ್ನು ತಿರುಗಿಸಿದರೆ ಅದರ ಮೇಲಿನ ನಟ್ ಹಿಂದೆ ಮುಂದೆ ಓಡುತ್ತದೆ. ಮೊದಲು ತಂದದ್ದು ಒಂದು ಸುತ್ತಿಗೆ 8 ಮಿ.ಮೀ. ಮುಂದೆ ಹೋಗುವಂಥದ್ದು. ಬಗ್ಗುವುದು ಪಟಪಟ ಆಗುತ್ತಿತ್ತು, ಆದರೆ ಚಕ್ರ ಕಲ್ಲಿಗೆ ಹೊಡೆದರೆ ಸ್ಕ್ರೂ ಹಿಂದಕ್ಕೆ ತಿರುಗಿ ಸೊಂಟ ಸಡಿಲ ಬೀಳುತ್ತಿತ್ತು. ಒಂದು ಸುತ್ತಿಗೆ 2 ಮಿ.ಮೀ. ಹೋಗುವಂಥದ್ದು ಹಾಕಿದ ಮೇಲೆ ಆ ತೊಂದರೆ ಇಲ್ಲ. ಅದು ನೂಕಿದ್ದೇ ಸರಿ, ಅದನ್ನು ಯಾರೂ ನೂಕಲಾರರು. ಸ್ಕ್ರೂನ ತುದಿ ಹಿಡಿದಿರುವುದು ಸೊಂಟದ ನಡುವಿನಿಂದ 40 ಮಿ.ಮೀ. ದೂರದಲ್ಲಿ. ಈ ತುದಿಯಿಂದ ಆ ತುದಿಗೆ ಬಗ್ಗಲು 46 ಮಿ.ಮೀ. ಓಡಬೇಕು. ಮೋಟರ್ ನಿಮಿಷಕ್ಕೆ 300 ಸುತ್ತು, ಅಂದರೆ ಸೆಕೆಂಡಿಗೆ 10 ಮಿ.ಮೀ. ಐದು ಸೆಕೆಂಡಿಗೆ ಸ್ವಲ್ಪ ಕಡಿಮೆ. ರೇಡಿಯೋ ಕಾರು ಓಡಿಸಿದವರಿಗೆ ಇದು ಆಮೆ. ನನಗೆ ಮಾತ್ರ ಬಂದರಿನ ಲೋಡರ್ ನೆನಪಾಯಿತು. ದೊಡ್ಡ ಗಾಡಿ ಗಡಿಬಿಡಿ ಮಾಡಬಾರದು.

ಇನ್ನು, ಎಷ್ಟು ಬಗ್ಗಿದೆ ಅಂತ ಸ್ಕ್ರೂಗೆ ಹೇಗೆ ಗೊತ್ತಾಗಬೇಕು? ಹಲ್ಲು ಮುರಿದ ಸರ್ವೋ ಇತ್ತಲ್ಲ, ಅದರ ಬೋರ್ಡ್ ಚೆನ್ನಾಗಿಯೇ ಇತ್ತು. ಸರ್ವೋ ಒಳಗೆ ಒಂದು ಪೊಟೆನ್ಷಿಯೋಮೀಟರ್ ಇರುತ್ತದೆ. ರೇಡಿಯೋ ಕೇಳಿದ ಜಾಗ ಬಂತೋ ಇಲ್ಲವೋ ಅಂತ ಬೋರ್ಡ್‌ಗೆ ಹೇಳುವುದು ಅದೇ. ಅದನ್ನು ಕಿತ್ತು, ಅದರ ಮೂರು ವೈರಿಗೆ 5ಕೆ ಪೊಟೆನ್ಷಿಯೋಮೀಟರ್ ಬೆಸೆದು, ಸೊಂಟದ ನೆಟ್ಟನೆಯ ಶಾಫ್ಟ್‌ನ ತಲೆಯ ಮೇಲೆ ಕೂರಿಸಿದೆ. ಸರ್ವೋ ಮೋಟರ್‌ನ ವೈರನ್ನು ಸ್ಕ್ರೂ ಮೋಟರ್‌ಗೆ ಕೊಟ್ಟೆ. ಈಗ ಇಡೀ ಲಾರಿಯೇ ಒಂದು ಸರ್ವೋ.

ಕರೆಂಟ್ ಕೊಟ್ಟೆ. ಮೋಟರ್ ಗುಂಯ್ ಅಂತ ಒಂದೇ ದಿಕ್ಕಿಗೆ ಓಡಿತು, ತಡೆಗೆ ಹೊಡೆಯಿತು, ನಿಲ್ಲಲಿಲ್ಲ. ಸ್ವಿಚ್ ಹುಡುಕುವಷ್ಟರಲ್ಲಿ ನಟ್ ಹಿಡಿದಿದ್ದ ಪಟ್ಟಿ ಕಿತ್ತು ಗೋಡೆಗೆ ಹಾರಿತು. ಮೋಟರ್ ವೈರ್ ಉಲ್ಟಾ ಆಗಿತ್ತು. ಸರಿ ಜಾಗಕ್ಕೆ ಬಾ ಅಂದರೆ ಇನ್ನೂ ದೂರ ಹೋಗುತ್ತದೆ, ದೂರ ಹೋದಷ್ಟೂ ಜೋರಾಗಿ ಹೋಗುತ್ತದೆ. ಈ ಕೆಲಸ ಮಾಡುವವರು ಮೊದಲ ಸಲ ಸ್ಕ್ರೂವನ್ನು ಸೊಂಟಕ್ಕೆ ಜೋಡಿಸಬೇಡಿ. ಬಿಡಿಯಾಗಿಟ್ಟು, ಪೊಟೆನ್ಷಿಯೋಮೀಟರನ್ನು ಕೈಯಲ್ಲಿ ತಿರುಗಿಸಿ, ಮೋಟರ್ ಯಾವ ಕಡೆ ಓಡುತ್ತದೆ ನೋಡಿಕೊಳ್ಳಿ. ಎರಡು ನಿಮಿಷದ ಕೆಲಸ. ನಾನು ಆ ಎರಡು ನಿಮಿಷ ಉಳಿಸಲು ಹೋಗಿ ಒಂದು ಭಾನುವಾರ ಕಳೆದೆ.

ಸ್ಕ್ರೂ ಇರುವುದು ಬಲಗಡೆ ಮಾತ್ರ. ಎಡಗಡೆ ಇರುವುದು ಇಂಜೆಕ್ಷನ್ ಸಿರಿಂಜಿನಿಂದ ಮಾಡಿದ ಸುಳ್ಳು ಸಿಲಿಂಡರ್. ನೋಡಿದವರಿಗೆ ಗೊತ್ತಾಗುವುದಿಲ್ಲ.

ಗ್ಲ್ಯಾಂಡ್

ಮೋಟರ್ ಮೈಯ ಒಳಗೆ, ಆಕ್ಸಲ್ ಹೊರಗೆ. ನಡುವೆ ಒಂದು ಶಾಫ್ಟ್ ಮೈ ತೂರಿ ಹೊರಬರಬೇಕು. ಬೋಟ್ ರಿಪೇರಿಯವನಿಗೆ ಇದು ದಿನದ ಅನ್ನ. ಪ್ರೊಪೆಲ್ಲರ್ ಶಾಫ್ಟ್ ಹೊರಬರುವಲ್ಲಿ ಗ್ಲ್ಯಾಂಡ್ ಇರುತ್ತದೆ, ಅದರಲ್ಲಿ ಗ್ರೀಸ್ ಹಚ್ಚಿದ ಹಗ್ಗದಂಥ ಪ್ಯಾಕಿಂಗ್ ತುಂಬಿ ನಟ್ ಬಿಗಿಯುತ್ತೇವೆ. ಅದನ್ನೇ ಚಿಕ್ಕದು ಮಾಡಿದೆ. ಹಿತ್ತಾಳೆ ಕೊಳವೆ, ಒಳಗೆ ಬುಷ್, ತುದಿಯಲ್ಲಿ ನಟ್. ಪ್ಯಾಕಿಂಗ್‌ಗೆ ದಪ್ಪ ಹತ್ತಿ ದಾರ, ಗ್ರೀಸ್‌ನಲ್ಲಿ ಅದ್ದಿ ಐದು ಸುತ್ತು.

ದೊಡ್ಡ ಬೋಟಿನ ಗ್ಲ್ಯಾಂಡ್ ಯಾವತ್ತೂ ಪೂರ್ತಿ ಬಿಗಿಯುವುದಿಲ್ಲ. ಓಡುವಾಗ ಅದು ತೊಟ್ಟು ತೊಟ್ಟಾಗಿ ನೀರು ಬಿಡಬೇಕು. ಆ ನೀರೇ ಶಾಫ್ಟನ್ನು ತಂಪಾಗಿಡುತ್ತದೆ. ತೀರಾ ಬಿಗಿದರೆ ಪ್ಯಾಕಿಂಗ್ ಸುಟ್ಟು ಶಾಫ್ಟ್ ಸವೆಯುತ್ತದೆ. ಈ ಅಭ್ಯಾಸ ಇಲ್ಲಿ ಅಡ್ಡ ಬಂತು. ಬೋಟಿನ ತಳದಲ್ಲಿ ಒಂದು ಬಕೆಟ್ ನೀರಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಇಲ್ಲಿ ಒಂದು ಲೋಟ ನೀರು ಅಂದರೆ ರಿಮೋಟಿನ ಮಾತು ಕೇಳುವ ರಿಸೀವರ್ ಸತ್ತ ಹಾಗೆ. ಬಿಗಿದರೆ ಮೋಟರ್ ಬಿಸಿ, ಸಡಿಲಿಸಿದರೆ ನೀರು. ಕೊನೆಗೆ ಕೊಳವೆಯ ನಡುವೆ ಗ್ರೀಸ್ ನಿಪ್ಪಲ್ ಬೆಸೆದೆ. ಓಡಿಸುವ ಮೊದಲು ಸಿರಿಂಜ್‌ನಲ್ಲಿ ಗ್ರೀಸ್ ತುಂಬುವುದು. ನಟ್ ಬೆರಳಲ್ಲಿ ಬಿಗಿದಷ್ಟೇ ಬಿಗಿ. ರಿಸೀವರ್, ಬೋರ್ಡ್ ಎರಡನ್ನೂ ಮಸಾಲೆ ಡಬ್ಬದಷ್ಟು ಚಿಕ್ಕ ಡಬ್ಬದಲ್ಲಿ ಮೇಲ್ಗಡೆ ತೂಗುಹಾಕಿದೆ.

ಗೇರಿನ ಲೆಕ್ಕವೂ ಇಲ್ಲೇ ಹೇಳಿಬಿಡುತ್ತೇನೆ. ಆಕ್ಸಲ್ ಒಳಗೆ 13 ಹಲ್ಲಿಗೆ 38 ಹಲ್ಲು, ಎಣಿಸಿದ್ದೇನೆ. 300 ಸುತ್ತಿನ ಮೋಟರ್ ಹಾಕಿದಾಗ ಗಂಟೆಗೆ ಮೂರು ಕಿ.ಮೀ. ಹತ್ತಿರ. ಹನ್ನೆರಡರಿಂದ ಗುಣಿಸಿದರೆ 35, ದೊಡ್ಡ ಲಾರಿಗೆ ಒಪ್ಪುವ ಓಟ. ಆದರೆ ನೀರಿನಲ್ಲಿ ಆ ವೇಗಕ್ಕೆ ಗಾಡಿ ಅಲ್ಲಾಡಲಿಲ್ಲ. 600 ಸುತ್ತಿನದು ಹಾಕಬೇಕಾಯಿತು. ಈಗ ರಸ್ತೆಯಲ್ಲಿ ತುಸು ಜೋರು, ನೀರಿನಲ್ಲಿ ಸರಿ. ನಿಜ ಗಾಡಿಯಲ್ಲಿ ಮುಂದಿನ ಚಕ್ರಕ್ಕೆ ಯಾವಾಗಲೂ ಬಲ, ಹಿಂದಿನದಕ್ಕೆ ಬೇಕಾದಾಗ ಮಾತ್ರ. ನಾನೂ ಹಿಂದಿನ ಮೋಟರ್‌ಗೆ ರಿಲೇ, ಅಂದರೆ ಕರೆಂಟಿನಿಂದ ಆಡುವ ಸ್ವಿಚ್, ಹಾಕಿ ರಿಮೋಟಿನ ಐದನೇ ಚಾನೆಲ್‌ಗೆ ಕೊಟ್ಟಿದ್ದೇನೆ.

ಮೀನಿನ ಪೆಟ್ಟಿಗೆಯಲ್ಲಿ

ಉದ್ದ, ಅಗಲ, ಎತ್ತರ ಮೂರೂ ಹನ್ನೆರಡು ಪಟ್ಟು ಕಿರಿದಾದರೆ ತೂಕ 12ರ ಘನದಷ್ಟು ಪಟ್ಟು ಇಳಿಯಬೇಕು. 12ರ ಘನ 1,728. ಖಾಲಿ ಗೋಯರ್ 11 ಟನ್ ದಾಟುತ್ತದೆ, ಆ ಲೆಕ್ಕದಲ್ಲಿ ನನ್ನದು 6.4 ಕಿಲೋ ಮೇಲಿರಬೇಕು. ತೂಗಿದರೆ 6.1. ಸಂತೋಷವಾಯಿತು. ಆರು ಕಿಲೋ ಗಾಡಿ ಆರು ಲೀಟರ್ ನೀರನ್ನು ಬದಿಗೆ ಸರಿಸಿದರೆ ಸಾಕು, ತೇಲುತ್ತದೆ. ಮೈಯಲ್ಲಿ ಅದಕ್ಕಿಂತ ಜಾಸ್ತಿ ಜಾಗವಿತ್ತು.

ಬೈತಖೋಲದಲ್ಲಿ ಮೀನಿಗೆ ಮಂಜುಗಡ್ಡೆ ಹಾಕಿಡುವ ದೊಡ್ಡ ಪೆಟ್ಟಿಗೆಗೆ ನೀರು ತುಂಬಿ ಇಳಿಸಿದೆ. ತೇಲಿತು! ಹುಡುಗ ಸಿಳ್ಳೆ ಹಾಕಿದ. ಹತ್ತು ನಿಮಿಷಕ್ಕೆ ಅದು ಒಂದೂವರೆ ಬೆರಳು ಕೆಳಗಿಳಿದಿತ್ತು. ಮುಚ್ಚಳ ತೆಗೆದರೆ ಒಳಗೆ ಒಣ. ಒಂದು ಹನಿ ಇಲ್ಲ. ನೋಡುತ್ತಿದ್ದ ಹಾಗೆ ಮುಂದಿನ ಅರ್ಧ, ಕುತ್ತಿಗೆ ವಾಲಿಸಿದ ಎಮ್ಮೆಯ ಹಾಗೆ, ನಿಧಾನಕ್ಕೆ ಬಲಕ್ಕೆ ಮಲಗಿತು. ಹಿಂಬದಿ ಮಾತ್ರ ನೆಟ್ಟಗೆ.

ಎರಡು ಬೇರೆ ಬೇರೆ ತೊಂದರೆ ಒಟ್ಟಿಗೆ ಬಂದಿದ್ದವು. ಮೊದಲನೆಯದು ಟೈರ್. ಈ ಟೈರುಗಳ ಒಳಗೆ ಸ್ಪಂಜ್ ಇರುತ್ತದೆ, ಗಾಳಿಯಾಡಲು ರಿಮ್‌ನಲ್ಲಿ ಸಣ್ಣ ತೂತು ಇರುತ್ತದೆ. ಸ್ಪಂಜ್ ಹೊಟ್ಟೆ ತುಂಬ ಕುಡಿದಿತ್ತು. ಒಣ ಟೈರ್ 240 ಗ್ರಾಂ, ಈಗ 610. ನಾಲ್ಕೂ ಸೇರಿ ಒಂದೂವರೆ ಕಿಲೋ ನೀರು. ಎರಡನೆಯದು ನನ್ನ ಹೆಮ್ಮೆಯ ಸೊಂಟ. ಅದು ತಿರುಚಿಕೊಳ್ಳುತ್ತದೆ ಅಂದರೆ, ವಾಲುವ ವಿಷಯದಲ್ಲಿ ಮುಂಬದಿಗೆ ಹಿಂಬದಿಯ ಆಸರೆ ಇಲ್ಲ. ನೀರಿನಲ್ಲಿ ಅವು ಒಂದು ಗಾಡಿಯಲ್ಲ, ಬಾಲಕ್ಕೆ ಮೂತಿ ಕಟ್ಟಿದ ಎರಡು ದೋಣಿ. ಪ್ರತಿಯೊಂದೂ ತಾನೇ ನೆಟ್ಟಗೆ ನಿಲ್ಲಬೇಕು. ಪಾತಿ ದೋಣಿಗೆ ಬದಿಯಲ್ಲಿ ಮರದ ತುಂಡು ಕಟ್ಟುತ್ತಾರಲ್ಲ, ಆ ಕೆಲಸ ಇಲ್ಲಿ ಟೈರ್ ಮಾಡಬೇಕಿತ್ತು. ಟೈರೇ ನೀರು ಕುಡಿದು ಕೂತರೆ ಹಿಡಿಯುವವರು ಯಾರು?

ಸ್ಪಂಜ್ ಬಿಸಾಡಿ, ಪ್ಯಾಕಿಂಗ್‌ಗೆ ಬರುವ ಬಿಳಿ ಫೋಮ್ ಹಾಳೆ ಸುತ್ತಿ ತುಂಬಿದೆ. ಅದು ನೀರು ಹೀರುವುದಿಲ್ಲ. ರಿಮ್‌ನ ತೂತಿಗೆ ಸಿಲಿಕಾನ್. ಬ್ಯಾಟರಿಯನ್ನು ಮುಂಬದಿಯ ತಳಕ್ಕೆ, ಶಾಫ್ಟ್‌ನ ಪಕ್ಕಕ್ಕೆ ಇಳಿಸಿದೆ. ಮತ್ತೆ ನೀರಿಗೆ ಬಿಟ್ಟು ಒಂದು ಗಂಟೆ ಕಾದೆ. ಚಹಾ ಕುಡಿದು ಬಂದೆ. ಇಟ್ಟ ಹಾಗೇ ಇತ್ತು.

ಇನ್ನೊಂದು ಸಂಗತಿ ಆ ಪೆಟ್ಟಿಗೆಯಲ್ಲೇ ಕಂಡಿತು. ಗಾಡಿ ಜಾಸ್ತಿ ಮುಳುಗಿದ್ದರೆ ಚಕ್ರ ತಿರುಗಿದರೂ ಮುಂದೆ ಹೋಗುವುದಿಲ್ಲ. ಚಕ್ರದ ಕೆಳಭಾಗ ನೀರನ್ನು ಹಿಂದಕ್ಕೆ ತಳ್ಳುತ್ತದೆ, ಮೇಲ್ಭಾಗವೂ ನೀರಲ್ಲಿದ್ದರೆ ಅದು ಮುಂದಕ್ಕೆ ತಳ್ಳುತ್ತದೆ. ಲಾಭ, ನಷ್ಟ ಸಮ. ಹಾಗಾಗಿ ಒಂದೊಂದು ಗ್ರಾಂ ಕಡಿಮೆ ಮಾಡಿದಷ್ಟೂ ವೇಗ. ಹಿಂದಿನ ಪೆಟ್ಟಿಗೆಯಲ್ಲಿ ಚಂದಕ್ಕೆ ಅಂತ ಇಟ್ಟಿದ್ದ ಮರದ ಪೀಪಾಯಿಗಳು ಅವತ್ತೇ ಹೊರಬಿದ್ದವು.

ಬಣ್ಣ ಆಲಿವ್ ಗ್ರೀನ್. ಪೇಂಟ್ ಅಂಗಡಿಯವರು "ಗಾಡಿಗಾ? ಈ ಬಣ್ಣ ಮಿಲಿಟರಿಯವರಿಗೆ ಮಾತ್ರ, ಆರ್‌ಟಿಒ ಹಿಡೀತಾರೆ" ಅಂದರು. ಹೌದು, ಮೋಟಾರು ವಾಹನ ನಿಯಮದಲ್ಲಿ ಹಾಗೇ ಇದೆ. ಕಾಲು ಲೀಟರ್ ಸಾಕು ಅಂದಾಗ ನನ್ನನ್ನೊಮ್ಮೆ ಮೇಲಿನಿಂದ ಕೆಳಗೆ ನೋಡಿ ಕೊಟ್ಟರು. ಕ್ಯಾಬಿನ್ ಹೊದಿಕೆ ಹಳೆಯ ತಾಡಪಾಲಿನದು, ಗಾಜು ಆಕ್ರಿಲಿಕ್, ಹೆಡ್‌ಲೈಟ್ ಎಲ್‌ಇಡಿ. ಇದರ ಬಗ್ಗೆ ಬರೆಯುವಂಥದ್ದು ಏನೂ ಇಲ್ಲ.

ಕಾಳಿ

ನೌಕಾನೆಲೆ ಇರುವ ಊರು ಇದು. ಮಿಲಿಟರಿ ಬಣ್ಣದ, ರೇಡಿಯೋದಿಂದ ಓಡುವ, ನೀರಲ್ಲಿ ತೇಲುವ ವಸ್ತುವನ್ನು ಎಲ್ಲೆಂದರಲ್ಲಿ ಬಿಟ್ಟರೆ ಉತ್ತರ ಕೊಡುತ್ತಾ ಕೂರಬೇಕಾದೀತು. ಸಮುದ್ರದ ಕಡೆ ಹೋಗಲೇ ಇಲ್ಲ. ಕೋಡಿಬಾಗದಲ್ಲಿ ಪರಿಚಯದವರ ಮನೆಯ ಹಿಂದೆಯೇ ಕಾಳಿ ನದಿ. ಅಲ್ಲಿಂದ ಆಚೆಗೆ ಸದಾಶಿವಗಡದ ಗುಡ್ಡ ಕಾಣುತ್ತದೆ. 2024ರ ಆಗಸ್ಟ್‌ನಲ್ಲಿ ಹಳೆಯ ಸೇತುವೆ ಕುಸಿದಾಗ ಒಂದು ಲಾರಿ ನೀರಿಗೆ ಬಿದ್ದಿತ್ತಲ್ಲ, ಅದೇ ನದಿ. ನನ್ನ ಮಗಳು ಅದನ್ನು ನೆನಪಿಸಿ "ಅಪ್ಪಾ, ಆ ಲಾರಿಗೆ ಗ್ಲ್ಯಾಂಡ್ ಇರಲಿಲ್ವಾ?" ಅಂದಳು. ಹನ್ನೊಂದು ವರ್ಷ. ಏನು ಹೇಳುವುದು?

ಭರತ ಮುಗಿದು ನೀರು ನಿಂತ ಹೊತ್ತಿಗೆ ಇಳಿಸಿದೆವು. ಹಿಂದಿನಿಂದ ನೈಲಾನ್ ದಾರ ಕಟ್ಟಿದ್ದೆ, ಏನಾದರೂ ಆದರೆ ಎಳೆಯಲು. ದಡದಿಂದ ಇಳಿಯುವಾಗ ಮುಂದಿನ ಚಕ್ರ ನೀರಿಗೆ, ಹಿಂದಿನದು ಇನ್ನೂ ಕಲ್ಲಿನ ಮೇಲೆ. ಹಿಂಬದಿ ಎಡಕ್ಕೆ ವಾಲಿತು, ಮುಂಬದಿ ಮಟ್ಟಸ. ಆ ಒಂದು ಗಳಿಗೆಗೆ ಮೂರು ತಿಂಗಳು ಕೆಲಸ ಮಾಡಿದ್ದು ಅಂದರೂ ಸುಳ್ಳಲ್ಲ. ಆಮೇಲೆ ಹಿಂಬದಿಯೂ ನೀರು ಹಿಡಿಯಿತು. ಚಕ್ರಗಳು ನೀರನ್ನು ಎರಚುತ್ತಾ, ನಡೆಯುವ ಮನುಷ್ಯನಿಗಿಂತಲೂ ನಿಧಾನಕ್ಕೆ, ಗಾಡಿ ಹೊರಟಿತು. ಸೊಂಟ ಬಗ್ಗಿಸಿದರೆ ಒಂದು ಕ್ಷಣ ಯೋಚಿಸಿದ ಹಾಗೆ ಮಾಡಿ ತಿರುಗುತ್ತಿತ್ತು. ನಾಲ್ಕು ಸುತ್ತು ಹಾಕಿದೆವು. ಒಂದು ಸಲ ದಾರ ತಾನೇ ಚಕ್ರಕ್ಕೆ ಸುತ್ತಿಕೊಂಡಿತು, ಮೊಣಕಾಲು ನೀರಿಗೆ ಇಳಿದು ಬಿಡಿಸಿ, ದಾರ ಕತ್ತರಿಸಿ ಬಿಸಾಡಿದೆ.

ಅಷ್ಟರಲ್ಲಿ ಇಳಿತ ಶುರುವಾಗಿತ್ತು. ನಾವು ಗಮನಿಸಲಿಲ್ಲ. ಇಳಿಸುವಾಗ ಕಲ್ಲಿದ್ದ ದಡ ಈಗ ಎರಡು ಮಾರು ಕಪ್ಪು ಕೆಸರು. ಗಾಡಿ ಕೆಸರಿಗೆ ಹತ್ತಿತು, ಅರ್ಧಕ್ಕೆ ಬಂದು ನಿಂತಿತು. ನಾಲ್ಕೂ ಚಕ್ರ ತಿರುಗುತ್ತಿದೆ, ಕೆಸರು ಹಾರುತ್ತಿದೆ, ಗಾಡಿ ಅಲ್ಲೇ. ಪ್ಯಾಂಟ್ ಮಡಚಲು ಶುರು ಮಾಡಿದೆ.

ಆಗ ಬಂದರಿನ ಲೋಡರ್ ನೆನಪಾಯಿತು. "ಮಗಾ, ಆಕ್ಸಿಲೇಟರ್ ಸ್ವಲ್ಪವೇ ಕೊಡು. ಸ್ಟೀರಿಂಗ್ ಪೂರ್ತಿ ಎಡಕ್ಕೆ, ಆಮೇಲೆ ಪೂರ್ತಿ ಬಲಕ್ಕೆ. ಹಾಗೇ ಮಾಡ್ತಾ ಇರು."

ಎಡಕ್ಕೆ ಬಗ್ಗಿತು. ಒಂದು ಕಡೆಯ ಚಕ್ರ ಎರಡು ಬೆರಳು ಮುಂದೆ ಸರಿದು ಹೊಸ ಕೆಸರು ಹಿಡಿಯಿತು. ಬಲಕ್ಕೆ ಬಗ್ಗಿತು. ಆ ಕಡೆಯದು ಎರಡು ಬೆರಳು ಮುಂದೆ ಬಂತು. ಸ್ಕ್ರೂ ಅದರ ಪಾಡಿಗೆ ಕುಂಯ್ ಅನ್ನುತ್ತಾ, ಒಂದೊಂದು ಸಲಕ್ಕೂ ಐದು ಸೆಕೆಂಡು ತಗೊಂಡು ನೂಕುತ್ತಿತ್ತು. ಪಕ್ಕದಲ್ಲಿ ಬಲೆ ಒಗೆಯುತ್ತಿದ್ದ ಒಬ್ಬ ಅಜ್ಜ ಕೆಲಸ ಬಿಟ್ಟು ನೋಡತೊಡಗಿದರು. "ಇದೆಂತ, ಏಡಿಯಾ?" ಅಂದರು.

ಎರಡು ಮಾರು ಬರಲು ಏಳೆಂಟು ನಿಮಿಷ ಹಿಡಿಯಿತು. ಕಲ್ಲು ಸಿಕ್ಕಿದ ಮೇಲೆ ತಾನೇ ಹತ್ತಿ ಬಂತು. ಮುಚ್ಚಳ ತೆಗೆದು ನೋಡಿದೆ. ಮುಂಬದಿಯ ತಳದಲ್ಲಿ ಎರಡು ಚಮಚ ನೀರು. ಬಟ್ಟೆಯಲ್ಲಿ ಒರೆಸಿ, ಗ್ಲ್ಯಾಂಡ್ ನಟ್ ಕಾಲು ಸುತ್ತು ಬಿಗಿದೆ. ಮಗಳು ರಿಮೋಟ್ ಕೊಡಲಿಲ್ಲ. ಅಜ್ಜನಿಗೆ ಓಡಿಸಲು ಹೇಳಿಕೊಡುತ್ತಿದ್ದಳು.